ಓರೆ

ಮಾರ್ಚ್ ಬಂದರೂ ಕರಗದ ಹಿಮವನ್ನು ಬೂಟಿನಿಂದ ಕೊಡವುತ್ತ
ನಮ್ಮ ನೆಲಮಾಳಿಗೆಗೆ ಇಳಿದು ಬಂದ ತಾವೆತ್ತಿ.
ಕಂಕುಳಲ್ಲಿ ಹಳೆಯ ದುಪ್ಪಟಿ, ದುಪ್ಪಟಿಯೊಳಗೆ
ಮುರಿದ ಸ್ಕೀ.
'ಇದು ಲ್ಯೂಲ್ಯು ಹೌದೋ ಅಲ್ಲವೋ,
ಅಷ್ಟು ಹೇಳಿ ಸಾಕು.'

ಯೊಯೆನ್ಸುವಿನಲ್ಲಿ ಆ ಮಾತಿಗೆ ಅರ್ಥ ಬಿಡಿಸಬೇಕಿಲ್ಲ.
ಇಳಿಜಾರಿನ ಪೈನ್ ವಾಲಿದರೆ
ಕೆಳಮಗ್ಗುಲಲ್ಲಿ ಬೇರೆಯದೇ ಮರ ಕಟ್ಟಿಕೊಳ್ಳುತ್ತದೆ,
ಕೆಂಪಗೆ, ಗಡುಸಾಗಿ,
ಬೀಳುವವನ ಬೆನ್ನಿಗೆ ಕೊಟ್ಟ ಅಂಗೈಯ ಹಾಗೆ.
ಅದೇ ಲ್ಯೂಲ್ಯು. ಅದರಲ್ಲಿ ಕೆತ್ತಿದ ಸ್ಕೀ
ಬೆಣ್ಣೆಯಿಂದ ಕೂದಲೆಳೆದಂತೆ ಹಿಮದ ಮೇಲೆ ಜಾರುತ್ತದೆಂದು
ಬೆಲೆಯೂ ಇಮ್ಮಡಿ.

ಇವನಪ್ಪ ಇಮ್ಮಡಿಯನ್ನೇ ತೆಗೆದುಕೊಂಡಿದ್ದ.
ಯುದ್ಧದ ಚಳಿಗಾಲ. ಕೊಂಡವನು ಎದುರುಮನೆಯ ಹುಡುಗ.
ಗಡಿಯ ಕಾಡಿಗೆ ಹೋದವನು
ಜಾರುಬಂಡಿಯಲ್ಲಿ ಮಲಗಿ ಮರಳಿದ,
ಮುಖದ ಮೇಲೆ ಕಂಬಳಿ, ಪಕ್ಕದಲ್ಲಿ ಇದು.
ತಂಗಿ ವಿಯೆನೊಗೆ ಆಗ ಹನ್ನೊಂದು.
'ಮೋಸದ ಮರ' ಎಂದಳು. ಅಷ್ಟೇ.
ಆಮೇಲೆ ಎರಡು ಮನೆಗಳ ನಡುವಿನ ಕಾಲುದಾರಿಯಲ್ಲಿ
ಬರ್ಚ್ ಗಿಡಗಳು ಹುಟ್ಟಿ, ಮರಗಳಾಗಿ, ಮುಪ್ಪಾದವು.
ಹೋದ ವಾರ ಅವಳೇ ಕಳಿಸಿದಳಂತೆ, ಚೀಟಿಯಿಲ್ಲದೆ.

ಗರಗಸ ಹಿಡಿದಾಗ ನನ್ನ ಕೈಯೂ ಒಂದು ಗಳಿಗೆ ತಡೆಯಿತು.
ಉಗುರಿನಗಲದ ಚಕ್ಕೆ, ಒಂದು ಮಿಲಿಮೀಟರ್ ದಪ್ಪ.
ಎಂಬತ್ತು ವರ್ಷದ ಟಾರಿನ ವಾಸನೆ
ಎದ್ದು ಕೂತಿತು.

ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರದಿಂದ ಹೊರಟ ಕಿರಣ
ಚಕ್ಕೆಯನ್ನು ತೂರುತ್ತದೆ,
ಬಹುಪಾಲು ಏನನ್ನೂ ನೋಡದವರ ಹಾಗೆ ನೆಟ್ಟಗೆ.
ಚೂರೇ ಚೂರು ದಾರಿ ಬದಲಿಸುತ್ತದೆ,
ಸೆಲ್ಯುಲೋಸಿನ ಸರಪಳಿಗಳು ಸಾಲು ಹಿಡಿದು ನಿಂತಲ್ಲಿ.
ಸಾಲಿಗೂ ಸಾಲಿಗೂ ನಡುವೆ, ಮಿಲಿಮೀಟರನ್ನು
ಇಪ್ಪತ್ತೈದು ಲಕ್ಷ ಸೀಳಿದರೆ ಸಿಗುವ ಅಂತರ.
ಆ ಸಾಲುಗಳು ಎಳೆಯಾಗಿ, ಎಳೆ ಹಗ್ಗದಂತೆ
ಪ್ರತಿ ಜೀವಕೋಶವನ್ನೂ ಸುತ್ತಿರುತ್ತವೆ.
ಎಷ್ಟು ಓರೆಯಾಗಿ?
ನೆಟ್ಟಗೆ ಬೆಳೆದ ಮರದಲ್ಲಿ ಹತ್ತು, ಹದಿನೈದು ಡಿಗ್ರಿ.
ಲ್ಯೂಲ್ಯುವಿನಲ್ಲಿ ನಲವತ್ತರ ಹತ್ತಿರ.
ಓರೆಯನ್ನೇ ಒರೆಗೆ ಹಚ್ಚುವ ಕೆಲಸ ನನ್ನದು.

ಸಕ್ಕರೆ ಹರಳು ಹಲ್ಲಲ್ಲಿ ಕಚ್ಚಿ
ಬಸಿಯಲ್ಲಿ ಕಾಫಿ ಹೀರುತ್ತ ಕೂತಿದ್ದ ಅವನು ಕೇಳಿದ,
'ನನ್ನ ಸೊಂಟಕ್ಕೂ ಇದೇ ಕಿರಣ ಬಿಟ್ಟಿದ್ದರು, ಎಲುಬು ಕಂಡಿತ್ತು.
ಇದರಲ್ಲಿ ಏನು ಕಾಣುತ್ತೆ?'
'ಏನೂ ಕಾಣುವುದಿಲ್ಲ. ಲೆಕ್ಕ ಹಾಕಬೇಕು.'
'ಓ, ತೆರಿಗೆಯವರ ಹಾಗೆ.'

ಪರದೆಯ ನಡುವೆ ಕಪ್ಪು ಚುಕ್ಕೆ,
ಎಡಕ್ಕೊಂದು ಬಲಕ್ಕೊಂದು ಕಮಾನು.
ಅಗಲವಾಗಿ ಹರಡಬೇಕಿತ್ತು. ಹರಡಿರಲಿಲ್ಲ.
ಕತ್ತರಿಸಿ ಎಸೆದ ಉಗುರಿನಂತೆ ಗಿಡ್ಡಗೆ ನಿಂತಿದ್ದವು.
ಮುರಿದ ಅಂಚಿನಿಂದ ಇನ್ನೊಂದು ಚಕ್ಕೆ ತೆಗೆದೆ,
ಮೇಲಿನಿಂದ ಮತ್ತೊಂದು.
ಅವನು ಕೇಳಿರಲಿಲ್ಲ. ನನಗೇ ಬೇಕಿತ್ತು.
ಹನ್ನೆರಡು. ಹನ್ನೊಂದೂವರೆ. ಹನ್ನೆರಡು.

'ಕಂಕುಳಲ್ಲಿ ಇಟ್ಟಾಗಲೇ ಹಗುರ ಅನ್ನಿಸಿತ್ತು'
ಎಂದ, ಹೆಬ್ಬೆರಳಿನಿಂದ ಮರವನ್ನು ಸವರುತ್ತ.
ನಾನು ಗಡಿಬಿಡಿಯಲ್ಲಿ ಹೇಳತೊಡಗಿದೆ:
ಓರೆ ಕಡಿಮೆ ಇದ್ದ ಮಾತ್ರಕ್ಕೆ ಸ್ಕೀ ಮುರಿಯುವುದಿಲ್ಲ,
ಹಾಗೆ ನೋಡಿದರೆ ನೆಟ್ಟ ಮರವೇ ಬಿಗಿ,
ಬಂಡೆಯಿರಬಹುದು, ಗುಂಡಿರಬಹುದು,
ಹುಡುಗ ಬಿದ್ದ ಮೇಲೆ ಮುರಿದಿರಬಹುದು,
ಕಿರಣಕ್ಕೆ ಅದು ಗೊತ್ತಿಲ್ಲ...
'ನಾನು ಕೇಳಿದ್ದು ಅದಲ್ಲ.'

ದುಪ್ಪಟಿ ಮಡಿಸಿದ. ನಿಧಾನ. ಅಂಚಿಗೆ ಅಂಚು ಕೂಡಿಸಿ.
'ವಿಯೆನೊಗೆ ಒಂದು ಪ್ರತಿ ಕೊಡಿ.
ದೊಡ್ಡದಾಗಿ ಬರೆಯಿರಿ, ಅವಳ ಕಣ್ಣು ಮಂಜು.'
ಕಮಾನುಗಳ ಕೆಳಗೆ ಬರೆದೆ: ಹನ್ನೆರಡು.
ಅವನು ಓದಿದ. ಜೇಬಿಗಿಟ್ಟ. ಮೆಟ್ಟಿಲ ಬಳಿ ತಿರುಗಿದ.

'ಆಗ ಹೆಚ್ಚಿಗೆ ತೆಗೆದುಕೊಂಡದ್ದು ಅರವತ್ತು ಮಾರ್ಕ.
ಈಗಿನ ಯೂರೋದಲ್ಲಿ ಎಷ್ಟಾಗುತ್ತದೆ?'

ಅದರ ಕೋಷ್ಟಕ ನನ್ನ ಬಳಿ ಇರಲಿಲ್ಲ.
ಹುಡುಕಿ ಹೇಳುತ್ತೇನೆ, ಕೂತಿರಿ ಎಂದೆ.
ಕೂತ.